ಅಪ್ಪಾಲಾಲ ಅಳಿಸಿದ ಗುರುತು

ಆಗ ನನಗೆ ಅರವತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಕಾಗವಾಡದ ನಾಯಿಗಳು ಗಟಾರದ ಕೆಸರಿನಲ್ಲಿ ಹೊಟ್ಟೆ ಊರಿ ಮಲಗುವಂಥ ಬಿಸಿಲಿನಲ್ಲೂ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿರುತ್ತಿದ್ದ ಒಬ್ಬನೇ ಗಂಡಸು ಅಪ್ಪಾಲಾಲ. ನಮ್ಮ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರು ಅವನ ವಶದಲ್ಲಿತ್ತು. ರೈತರು ಒಣದ್ರಾಕ್ಷಿ ಪೆಟ್ಟಿಗೆಗಳನ್ನು ನಮ್ಮಲ್ಲಿ ತಂದಿಡುತ್ತಾರೆ, ದರ ಬಂದಾಗ ಒಯ್ಯುತ್ತಾರೆ. ಯಾರ ಪೆಟ್ಟಿಗೆ ಯಾವ ಕೋಣೆಯಲ್ಲಿ ಎಷ್ಟಿವೆ ಎಂಬುದೆಲ್ಲ ಅಪ್ಪಾಲಾಲನ ಕೋಣೆಯ ಮಷೀನಿನಲ್ಲಿ ಇರುತ್ತಿತ್ತು. ಮಷೀನಿಗೆ ಸೆಕೆಯಾಗಬಾರದೆಂದು ಏಸಿ, ಏಸಿಗೆ ಹೆದರಿ ಇವನಿಗೆ ಸ್ವೆಟರ್.

ನಾನು ಅಲ್ಲಿ ಕಸ ಹೊಡೆಯುವವಳು. ಮೂರನೇ ಇಯತ್ತೆ ಕಲಿತಿದ್ದೇನೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಅವನ ಕೋಣೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು, ಒದ್ದೆ ಬಟ್ಟೆ ಒಯ್ಯಕೂಡದು.

"ಅಕ್ಕಾತಾಯಿ, ಒಣಾ ಅರಬಿಲೆ ಒರಸ್ರಿ. ಒಂದ ಹನಿ ನೀರ ಬಿದ್ರ ನನ್ನ ಜೀವಾ ಹೋಗತೈತಿ."

"ಹೋಗ್ಲಿ ಬಿಡು, ಒಂದ ಸ್ವೆಟರರೆ ಉಳಿತೈತಿ" ಎನ್ನುತ್ತಿದ್ದೆ. ಅವನು ನಗುತ್ತಿರಲಿಲ್ಲ. ನಾನು ಒರೆಸಿದ ಕಡೆಯೇ ಇನ್ನೊಮ್ಮೆ ಒರೆಸುತ್ತಿದ್ದ.

ಅವನು ನಿಪ್ಪಾಣಿಯವನು. ನಮ್ಮ ಮಂದಿಯ ಪರಿಚಯ ಅವನಿಗಿರಲಿಲ್ಲ. ನಮ್ಮ ಕಡೆ ಒಂದೇ ಹೆಸರಿನವರು ಓಣಿ ತುಂಬ ಇದ್ದಾರೆ. ಹೆಸರಿಗೆ ಏನಾದರೊಂದು ಅಂಟಿಸದೆ ಕರೆದರೆ ಮೂವರು ತಿರುಗಿ ನೋಡುತ್ತಾರೆ. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅಪ್ಪಾಲಾಲ ನನ್ನನ್ನು ಮೆಲ್ಲಗೆ ಕರೆಯುತ್ತಿದ್ದ.

"ಇವರು ಯಾವ ಬಾಳಪ್ಪ್ರಿ?"

"ಕುಂಟ ಬಾಳ್ಯಾ."

ಟಕಟಕ ಕುಟ್ಟಿ ಹೆಸರಿನ ಪಕ್ಕ ಹಾಗೇ ಬರೆದುಕೊಳ್ಳುತ್ತಿದ್ದ. ಹೊರಗೆ ಬಂದರೆ ಮಾತ್ರ "ಬಾಳಪ್ಪಣ್ಣಾ, ಬರ್ರಿ, ಚಾ ಕುಡೀರಿ" ಎನ್ನುವನು. ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ಆ ಗುರುತಿನಿಂದ ಕರೆದವನಲ್ಲ. "ಅವು ಮಷೀನಿನ ಹೊಟ್ಯಾಗ ಇರ್ಲಿರಿ" ಎನ್ನುತ್ತಿದ್ದ.

ಇಬ್ಬರು ಅಣ್ಣಪ್ಪಂದಿರಿದ್ದರು. ಹೆಸರು, ಅಪ್ಪನ ಹೆಸರು, ಮನೆತನ, ಊರು, ನಾಲ್ಕೂ ಒಂದೇ. ಒಬ್ಬನು ಕಿವುಡ. ಇನ್ನೊಬ್ಬನ ಹೆಂಡತಿ ಮಿರಜದ ಒಬ್ಬ ಡ್ರೈವರನ ಸಂಗಡ ಹೋಗಿದ್ದಳು.

"ಹೇಣ್ತಿ ಓಡಿಹೋದಾಂವ ಅಂತ ಬರಕೊ" ಎಂದೆ.

ಅವನ ಬೆರಳು ನಿಂತವು. "ಬ್ಯಾರೆ ಏನರೆ ಹೇಳ್ರಿ."

"ಬ್ಯಾರೆ ಏನೈತಿ ಅವನ ಹಂತ್ಯಾಕ?"

ಬರೆದುಕೊಂಡ.

ಒಂದು ಮಳೆಗಾಲ ಹೊಳೆಯ ನೀರು ನಮ್ಮ ಕಂಪೌಂಡಿನೊಳಗೆ ಬಂತು. ಅಪ್ಪಾಲಾಲ ಹಮಾಲರನ್ನು ಕರೆದು ಮಷೀನನ್ನು ಮಹಡಿಗೆ ಹೊರಿಸಿದ. ಅಲ್ಲಿದ್ದ ಒಂದೇ ಹಾಸಿಗೆಯ ಮೇಲೆ ಅದನ್ನಿಟ್ಟು, ತಾನು ಎರಡು ದಿನ ಬರಿ ನೆಲದ ಮೇಲೆ ಮಲಗಿದ. ನೀರಿಳಿದ ಮೇಲೆ ಮಾಲಕರು ಬೆನ್ನು ತಟ್ಟುತ್ತಾರೆಂದುಕೊಂಡಿದ್ದೆ.

"ವರ್ಷಾ ವರ್ಷಾ ಇದನ್ನ ಹೊತ್ತ ತಿರಗತೀ ಏನ? ಎಲ್ಲಾ ಕ್ಲೌಡಿಗೆ ಹಾಕಸ್ತೀನಿ" ಎಂದರು. ಪುಣೆಯ ಒಂದು ಕಂಪನಿಗೆ ಕೆಲಸ ಕೊಟ್ಟರು.

ಹಾಗೆಂದರೇನೆಂದು ಅಪ್ಪಾಲಾಲನನ್ನೇ ಕೇಳಿದೆ.

"ರೈತರು ಪೆಟ್ಟಿಗಿ ತಂದು ನಮ್ಮಲ್ಲಿ ಇಡತಾರಲ್ರಿ, ಹಂಗ ನಾವು ನಮ್ಮ ಮಾಹಿತಿ ದೂರದ ಒಂದ ದೊಡ್ಡ ಕಂಪನಿ ಮಷೀನನ್ಯಾಗ ಇಡೂದು. ಹೊಳಿ ಬರಲಿ, ಬೆಂಕಿ ಬೀಳಲಿ, ಚಿಂತಿಲ್ಲ. ರೈತರು ಮನ್ಯಾಗ ಕುಂತ ಮೊಬೈಲನ್ಯಾಗ ತಮ್ಮದು ತಾವ ನೋಡಬಹುದು."

"ಮತ್ತ ನಿನಗೇನ ಕೆಲಸಾ?"

"ಯಾರರೆ ತುಂಬಬೇಕಲ್ರಿ" ಎಂದ. ಆಮೇಲೆ "ತಮ್ಮದು ತಾವ ನೋಡತಾರ" ಎಂದು ತನ್ನಷ್ಟಕ್ಕೆ ಇನ್ನೊಮ್ಮೆ ಅಂದುಕೊಂಡ. ನನಗೆ ಆಗ ತಿಳಿಯಲಿಲ್ಲ.

ಪುಣೆಯವರು ಎಂಟು ದಿನ ಕೂತು ಎಲ್ಲವನ್ನೂ ಸಾಗಿಸಿದರು. ಪೆಟ್ಟಿಗೆ ಇಟ್ಟದ್ದಕ್ಕೆ ರೈತರಿಗೆ ಕೊಟ್ಟಿದ್ದ ಹಳೆಯ ಚೀಟಿಗಳನ್ನು ವಾಪಸು ತೆಗೆದುಕೊಂಡು ಸುಟ್ಟರು. ಮಷೀನಿನ ಹೊಟ್ಟೆಯನ್ನು ಪೂರ್ತಿ ಅಳಿಸಿ ಟೆಂಪೋದಲ್ಲಿ ಹೇರಿದರು.

ಮೂರು ವಾರಕ್ಕೆ ಕಿವುಡ ಅಣ್ಣಪ್ಪ ಸಾಂಗಲಿಯ ಪೇಟೆಗೆ ಮಾಲು ಒಯ್ಯಲು ಲಾರಿ ತಂದ. ಮಾಲಕರು ಪರದೆ ನೋಡಿದರು. ಅವನ ಹೆಸರಿನಲ್ಲಿ ಒಂದು ಪೆಟ್ಟಿಗೆಯೂ ಇಲ್ಲ! ನಾನು ಅಲ್ಲೇ ಕಸ ಹೊಡೆಯುತ್ತಿದ್ದೆ. ಅವನ ಇಡೀ ತೋಟದ ಒಂದು ವರ್ಷದ ದುಡಿಮೆ, ಇನ್ನೂರ ನಲವತ್ತು ಪೆಟ್ಟಿಗೆ, ಮೂರನೇ ಕೋಣೆಯಲ್ಲಿ ಸೇರಿಸಿಟ್ಟದ್ದನ್ನು ನಾನೇ ನೋಡಿದ್ದೆ. ಹೊಸ ಲೆಕ್ಕದಲ್ಲಿ ಇಬ್ಬರು ಅಣ್ಣಪ್ಪಂದಿರು ಒಬ್ಬನೇ ಆಗಿಬಿಟ್ಟಿದ್ದರು. ಕಿವುಡನಿಗೆ ಫೋನು ಇಲ್ಲ, ಆದ್ದರಿಂದ ಎಲ್ಲವೂ ಇನ್ನೊಬ್ಬನ ಮೊಬೈಲಿಗೆ ಹೋಗಿ ಕೂತಿದ್ದವು.

ನಾನು ಅಪ್ಪಾಲಾಲನ ಕೋಣೆಗೆ ಓಡಿದೆ. "ಗುರುತ ಬರದಿದ್ದಿ ಅಲ್ಲೊ! ಎಲ್ಲಿ ಹೋತು?"

"ನಾನ ಅಳಿಸೇನ್ರಿ. ಸಾಗಸೂ ಮುಂಚೆ ಕುಂತು ಎಲ್ಲಾರದೂ ಅಳಿಸೇನಿ."

ಒಂದು ಹನಿ ನೀರಿಗೆ ಜೀವ ಬಿಡುವವನು!

"ಆ ಇನ್ನೊಬ್ಬ ಅಣ್ಣಪ್ಪ ಮೊಬೈಲ ತಗದ ಕೂಡ್ಲೆ ಅವರ ಹೆಸರಿನ ಬಾಜೂಕ ಏನ ಕಾಣತಿತ್ತು, ಹೇಳ್ರಿ? ಅವರ ಮಗಳು ಓದಿ ಹೇಳತಿದ್ಲು. ಮದಲ ತ್ವಾಟದ ಹೆಸರ ಬರದು ಆಮ್ಯಾಲ ಗುರುತ ಅಳಿಸಬೇಕಿತ್ತು. ನನಗ ಹೊಳೀಲಿಲ್ಲ."

ಅಷ್ಟರಲ್ಲಿ ಇನ್ನೊಬ್ಬ ಅಣ್ಣಪ್ಪನನ್ನು ಕರೆಸಿದ್ದರು. ಮಾಲಕರು, ಪುಣೆಯ ಎಂಜಿನಿಯರು, ಹಮಾಲರು, ಇಬ್ಬರು ಅಣ್ಣಪ್ಪಂದಿರು, ಎಲ್ಲರೂ ಅಂಗಳದಲ್ಲಿ. ಕಿವುಡ ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದ.

"ಮೊಬೈಲ ಏನ ತೋರಸತೈತಿ ಅದು ನಂದು" ಎಂದ ಇನ್ನೊಬ್ಬ ಅಣ್ಣಪ್ಪ.

ಅಪ್ಪಾಲಾಲ, "ಇಲ್ರಿ, ಮೂರನೇ ಖೋಲ್ಯಾಗಿನ ಇನ್ನೂರ ನಲವತ್ತು ಇವರವು" ಎಂದು ಕಿವುಡನ ಹೆಗಲ ಮೇಲೆ ಕೈ ಇಟ್ಟ.

"ಯಾವ ಆಧಾರದ ಮ್ಯಾಲ?" ಎಂದರು ಮಾಲಕರು.

"ಹಳೇ ಮಷೀನನ್ಯಾಗ ಗುರುತ ಇತ್ರಿ."

"ಏನ ಗುರುತ?"

ಅಪ್ಪಾಲಾಲ ಕಿವುಡನ ಹೆಗಲಿನಿಂದ ಕೈ ತೆಗೆದ.

"ಹೇಳಲೇ, ನಾನೂ ಕೇಳತೀನಿ" ಎಂದು ಇನ್ನೊಬ್ಬ ಅಣ್ಣಪ್ಪ ಎದೆ ಮುಂದೆ ತಂದು ನಿಂತ.

ಅಪ್ಪಾಲಾಲ ಅವನ ಮುಖ ನೋಡಿದ, ನೆಲ ನೋಡಿದ. "ಅದು ಹೇಳೂದಲ್ರಿ. ಅಳಿಸಿದಾಂವ ನಾನು. ಪುಣೆದವ್ರದು ತಪ್ಪಿಲ್ಲ, ತಪ್ಪ ನಂದು."

ಎಂಜಿನಿಯರನ ಬಾಯಿ ತೆರೆದುಕೊಂಡಿತು. ಹೊರೆ ಅವನ ತಲೆಗೆ ಕಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾಲಕರು, "ಕಿವುಡನ ಕಡೆ ಏನ ತಿಂದಿ?" ಎಂದರು. ಅಪ್ಪಾಲಾಲ ಕೋಣೆಯ ಕೀಲಿ ತೆಗೆದು ಅವರ ಕೈಗಿತ್ತ.

ಯಾರ ಮುಂದೆಯೂ ಬಾಯಿ ಕಟ್ಟಿಕೊಂಡವಳಲ್ಲ ನಾನು. ಅಂದು ಕಟ್ಟಿಕೊಂಡೆ. ನನ್ನ ಕೆಲಸವೂ ಹೋದೀತೆಂದು ಹೆದರಿದ್ದೆ, ಬೇರೆ ಕಾರಣ ಏನೂ ಇರಲಿಲ್ಲ. ಲಾರಿ ಖಾಲಿಯೇ ತಿರುಗಿ ಹೋಯಿತು. ಅಪ್ಪಾಲಾಲ ಟಿಫಿನ್ ಡಬ್ಬಿ ಹಿಡಿದು ಗೇಟು ದಾಟುವಾಗ, "ಬರತೇನ್ರಿ, ಅಕ್ಕಾತಾಯಿ" ಎಂದ. ನಾನು ಹ್ಞೂಂ ಕೂಡ ಅನ್ನಲಿಲ್ಲ. ಆಮೇಲೆ ಅವನನ್ನು ಕಂಡಿಲ್ಲ. ನಿಪ್ಪಾಣಿ ಬಿಟ್ಟು ಎಲ್ಲಿಗೋ ಹೋದನೆಂದು ಕೇಳಿದ್ದೇನೆ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ಹೊತ್ತು ಹುಟ್ಟುವ ಮೊದಲೇ ಇನ್ನೊಬ್ಬ ಅಣ್ಣಪ್ಪನ ಬಾಗಿಲಿಗೆ ಹೋದೆ. ಅವನು ಎಮ್ಮೆ ಹಿಂಡುತ್ತಿದ್ದ. ಮಗಳು ಒಳಗಿದ್ದಳು, ಅದಕ್ಕೆ ಅವನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಹೇಳಿದೆ.

"ನಿನ್ನ ಗುರುತ ಏನಂತ ಕೇಳಿದಿ ಅಲ್ಲ. ಹೇಣ್ತಿ ಓಡಿಹೋದಾಂವ ಅಂತ. ಅದನ್ನ ಬರಿಸಿದಾಕಿ ನಾನು. ನಿನ್ನ ಮಗಳು ಓದಬಾರದಂತ ಅಳಿಸಿದಾಂವ ಅಪ್ಪಾಲಾಲ. ನಿನ್ನ ಮುಂದ ಹೇಳಬಾರದಂತ ನೌಕರಿ ಬಿಟ್ಟಾಂವನೂ ಅವನ. ಈಗ ನನ್ನ ಬೈಯೂದಿದ್ರ ಬೈ, ಬಡಿಯೂದಿದ್ರ ಬಡಿ. ಆಮ್ಯಾಲ ನಡಿ, ಕಿವುಡನ ಪೆಟ್ಟಿಗಿ ಬಿಡಿಸಿ ಕೊಡು."

ಅವನು ಬೈಯಲಿಲ್ಲ. ಹಾಲಿನ ತಂಬಿಗೆಯನ್ನು ಕೆಳಗಿಟ್ಟು ಬಹಳ ಹೊತ್ತು ಎಮ್ಮೆಯ ಹೊಟ್ಟೆಗೆ ಹಣೆ ಊರಿ ಕೂತ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ. ಸ್ಟೋರೇಜಿನ ದಾರಿ ಹಿಡಿದು ನಾನು ಅವನ ಮುಂದೆ ಮುಂದೆ ನಡೆದೆ.