ಅಳತೆ ಫೈಲಿನ ಬೀಗದಕ್ಕ

ಬೀಗದಕ್ಕ ಎಂಬ ಹೆಸರು ಅವಳಿಗೆ ಯಾರಿಟ್ಟರೋ ಗೊತ್ತಿಲ್ಲ. ಎದುರಿಗೆ ಎಲ್ಲರೂ ‘ಅಕ್ಕ’ ಎನ್ನುವರು, ಅವಳು ಬೆನ್ನು ತಿರುಗಿಸಿದ ಕೂಡಲೇ ‘ಬೀಗದಕ್ಕ’. ಅದು ಅವಳ ಕಿವಿಗೂ ಬಿದ್ದಿತ್ತು. ಕೇಳಿಸದವಳ ಹಾಗೆ ಇದ್ದುಬಿಡುವುದನ್ನು ಅವಳು ಕಲಿತು ಬಹಳ ಕಾಲವಾಗಿತ್ತು.

ಕೃತಕ ಕಾಲು ಮಾಡಿಕೊಡುವ ಆ ಸಂಸ್ಥೆಯಲ್ಲಿ ಮುಂದೆ ಕೌಂಟರು, ನಡುವೆ ಅಳತೆಯ ಕೋಣೆ, ಹಿಂದೆ ವರ್ಕ್‌ಶಾಪು. ಅಳತೆಯ ಕೋಣೆ ಅಕ್ಕನದು. ಎತ್ತರದ ಒಂದು ಬೆಂಚು, ಹಿಡಿದು ನಡೆದು ನೋಡಲು ಎರಡು ಉದ್ದನೆಯ ಕಂಬಿ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಅವಳ ಕಂಪ್ಯೂಟರು. ಬಂದವರ ಮೊಣಕಾಲಿನ ಕೆಳಗೆಷ್ಟು, ಸುತ್ತಳತೆ ಎಷ್ಟು, ಹಿಂದಿನ ಕಾಲು ಎಲ್ಲಿ ಉಜ್ಜುತ್ತಿತ್ತು ಎಂಬುದೆಲ್ಲ ಒಂದೇ ಡೇಟಾಬೇಸಿನಲ್ಲಿ ಇರುತ್ತಿತ್ತು. ಅದನ್ನು ಎಲ್ಲರೂ ‘ಅಳತೆ ಫೈಲು’ ಎನ್ನುವರು. ಮೂರೂ ಕಡೆಯವರು ಒಟ್ಟಿಗೆ ತೆರೆದು ಕೆಲಸ ಮಾಡಲೆಂದೇ ಅದನ್ನು ಆಫೀಸಿನ ನೆಟ್‌ವರ್ಕಿನಲ್ಲಿ ಇಟ್ಟದ್ದು. ಆದರೆ ಬೆಳಗ್ಗೆ ಅಕ್ಕ ತೆರೆದಳೋ, ಮುಗಿಯಿತು. ಉಳಿದವರ ಪರದೆಯ ಮೇಲೆ ‘ಫೈಲು ಬೇರೆಯವರ ಬಳಕೆಯಲ್ಲಿದೆ’ ಎಂಬ ಒಂದೇ ಉತ್ತರ.

ಇದಕ್ಕೆ ಆಫೀಸು ಕಂಡುಕೊಂಡ ಉಪಾಯವೆಂದರೆ ಕೂಗುವುದು. ವರ್ಕ್‌ಶಾಪಿನಿಂದ ಮೇಸ್ತ್ರಿ, ಉಜ್ಜುವ ಯಂತ್ರದ ಸದ್ದನ್ನೂ ಮೀರಿಸಿ, “ಅಕ್ಕಾ, ಬಿಡಿ!” ಎನ್ನುವನು. ಅಕ್ಕ ಫೈಲು ಮುಚ್ಚಿ, “ಬಿಟ್ಟೆ!” ಎಂದು ತಿರುಗಿ ಕೂಗುವಳು. ಅವನು ನೋಡಿ ಮುಗಿಸಿ “ಆಯ್ತು!” ಎನ್ನುವ ತನಕ ಕೈಕಟ್ಟಿ ಕಾದು, ಆಮೇಲೆ ಮತ್ತೆ ತೆರೆಯುವಳು. ಅಷ್ಟರಲ್ಲಿ ಕೌಂಟರಿನ ಹುಡುಗಿಯ ಸರದಿ. ದಿನವಿಡೀ ಬಿಡಿ, ಬಿಟ್ಟೆ, ಆಯ್ತು. ಹೊಸದಾಗಿ ಬಂದವರಿಗೆ ಇದು ಬಸ್‌ಸ್ಟ್ಯಾಂಡೋ ಆಸ್ಪತ್ರೆಯೋ ಎಂದು ಅನುಮಾನ ಬರುತ್ತಿತ್ತು.

ಅಕ್ಕನ ಮೇಲೆ ಗೂಬೆ ಕೂರಿಸಲು ಗಟ್ಟಿ ಸಾಕ್ಷಿಯೂ ಇತ್ತು. ಅವಳು ರಜೆ ಹಾಕಿದ ದಿನ ಫೈಲಿಗೆ ಯಾವ ರೋಗವೂ ಇರುತ್ತಿರಲಿಲ್ಲ. ಎಲ್ಲರ ಕಂಪ್ಯೂಟರಿನಲ್ಲೂ ನೀರು ಕುಡಿದಷ್ಟು ಸುಲಭವಾಗಿ ತೆರೆದುಕೊಳ್ಳುತ್ತಿತ್ತು. “ನೋಡಿ, ಅವ್ರಿಲ್ಲ ಅಂದ್ರೆ ಎಲ್ಲಾ ಸರಿಯಿರುತ್ತೆ. ಏನೋ ಒತ್ತಿ ಇಟ್ಕೋತಾರೆ, ಬೇರೆಯವರು ಮುಟ್ಟಬಾರದು ಅಂತ,” ಎಂದು ಕೌಂಟರಿನ ಹುಡುಗಿ ಮೂಗು ಮುರಿಯುವಳು. ಇದನ್ನು ಅಲ್ಲಗಳೆಯುವುದು ಹೇಗೆ? ಅಕ್ಕನಿಗೇ ಗೊತ್ತಿರಲಿಲ್ಲ.

ಅವಳು ಆ ಕಟ್ಟಡದೊಳಗೆ ಮೊದಲು ಕಾಲಿಟ್ಟದ್ದು ಅಣ್ಣನ ತೋಳು ಹಿಡಿದುಕೊಂಡು. ಲಾರಿ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಅಣ್ಣನಿಗೆ ಇಲ್ಲಿ ಸಿಕ್ಕಿದ ಮೊದಲ ಕಾಲು ಒಂದು ಬೆರಳಿನಗಲದಷ್ಟು ಗಿಡ್ಡವಾಗಿತ್ತು. ಪುಣ್ಯಾತ್ಮ ಬಾಯಿಬಿಡಲಿಲ್ಲ. ಮಾಡಿಕೊಟ್ಟದ್ದೇ ದೊಡ್ಡದು ಎಂದುಕೊಂಡು ಅದರಲ್ಲೇ ಕುಂಟಿಕೊಂಡು ಓಡಾಡಿದ; ಸೊಂಟ ಹಿಡಿದುಕೊಂಡು ಹಾಸಿಗೆಗೆ ಬಿದ್ದ ಮೇಲೆಯೇ ಮನೆಯವರಿಗೆ ತಿಳಿದದ್ದು. ಮುಂದೆ ಆ ಸಂಸ್ಥೆಯಲ್ಲೇ ಸ್ವಾಗತದ ಮೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಳತೆಯ ಕೋಣೆಯಲ್ಲಿ ಜನ ಸಾಲದಾದಾಗ, ಸ್ವಲ್ಪ ದಿನದ ಮಟ್ಟಿಗೆ ಎಂದು ಅಲ್ಲಿ ಕೂರಿಸಿದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಎಲ್ಲರಿಗಿಂತ ಮೊದಲು ಬಂದು, ಆವತ್ತು ಬರುವವರ ಹಳೆಯ ಅಳತೆಗಳನ್ನೆಲ್ಲ ತೆರೆದು ನೋಡಿಟ್ಟುಕೊಳ್ಳುವುದು ಅವಳ ಪದ್ಧತಿ. ಇನ್ನೊಬ್ಬರ ಅಣ್ಣನಿಗೆ ಹಾಗಾಗಬಾರದು, ಅಷ್ಟೇ.

ಇಂಥವಳು ಇರುವಾಗಲೇ ಒಂದು ಎಡವಟ್ಟು ನಡೆಯಿತು. ಒಬ್ಬ ಟೀಚರಮ್ಮನ ಅಳತೆಯನ್ನು ಅಕ್ಕ ತಿದ್ದಿದ್ದಳು. ಅದನ್ನು ನೋಡಲು ಮೇಸ್ತ್ರಿ ಕೂಗಿದ, ಮತ್ತೆ ಕೂಗಿದ. ಅಕ್ಕ ಕಂಬಿಯ ನಡುವೆ ಒಬ್ಬ ಮುದುಕರನ್ನು ಹಿಡಿದುಕೊಂಡು ನಡೆಸುತ್ತಿದ್ದಳು. ಕೈಬಿಟ್ಟರೆ ಅವರು ಬೀಳುತ್ತಾರೆ. ಮೇಸ್ತ್ರಿಗೆ ರೇಗಿ, ತನ್ನ ಹತ್ತಿರವಿದ್ದ ಹಳೆಯ ಅಳತೆಗೇ ಕಾಲು ಮಾಡಿಬಿಟ್ಟ. ಟೀಚರಮ್ಮ ಅದನ್ನು ಹಾಕಿಕೊಂಡು ಎರಡು ಹೆಜ್ಜೆ ಇಟ್ಟು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, ಏನೂ ಹೇಳದೆ ಕುಳಿತುಬಿಟ್ಟರು. ಆ ಮುಖದಲ್ಲಿ ಅಕ್ಕನಿಗೆ ಅಣ್ಣನೇ ಕಂಡ.

ಅವತ್ತಿನಿಂದ ಮೇಸ್ತ್ರಿ ಅವಳ ಜೊತೆ ಮಾತು ಬಿಟ್ಟ. ‘ಬಿಡಿ’ ಎಂದು ಕೂಗುವುದಕ್ಕೂ ಕೌಂಟರಿನ ಹುಡುಗಿಯ ಮಧ್ಯಸ್ಥಿಕೆ. ಮ್ಯಾನೇಜರು ಅವಳನ್ನು ಕರೆದು ಕಡ್ಡಿ ಮುರಿದ ಹಾಗೆ ಹೇಳಿದರು: “ಬರೋ ತಿಂಗಳಿಂದ ನೀವು ಸ್ಟೋರಿಗೆ ಹೋಗಿಬಿಡಿ ಅಕ್ಕ. ಅಲ್ಲಿ ಬೆಲ್ಟು, ಬಕಲ್ಲು, ತಿರುಪು ಎಲ್ಲ ನಿಮ್ದೇ. ಯಾರೂ ಕೇಳೋಕೆ ಬರಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಇಷ್ಟು ವರ್ಷ ಎಲ್ಲರೂ ಹೇಳಿ ಹೇಳಿ, ತಾನು ಹಿಡಿದದ್ದನ್ನು ಬಿಡದ ಹೆಂಗಸೇ ಇರಬೇಕು ಎಂದು ಅವಳೂ ನಂಬಿಬಿಟ್ಟಿದ್ದಳು. ಹಿಂದೊಮ್ಮೆ ಮಗಳು ಕೊಡೆಯ ವಿಷಯಕ್ಕೆ, “ನಿನ್ನ ಕೈಗೆ ಸಿಕ್ಕಿದ್ದು ವಾಪಸ್ ಬರಲ್ಲ ಬಿಡಮ್ಮ,” ಎಂದು ನಕ್ಕಿದ್ದಳು. ಮಗಳು ಆ ಕ್ಷಣವೇ ಮರೆತ ಮಾತು ಅದು. ಅಕ್ಕ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬೀರುವಿನ ಕೀಲಿಕೈಯನ್ನು ಮಗಳಿಗೆ ಒಪ್ಪಿಸಿದಳು, ಟೀವಿ ರಿಮೋಟನ್ನು ಗಂಡನಿಗೆ ಬಿಟ್ಟುಕೊಟ್ಟಳು. ಯಾಕೆಂದು ಅವರಿಬ್ಬರಿಗೂ ತಿಳಿಯಲಿಲ್ಲ. ಗಂಡನಿಗಂತೂ ತಿಳಿದುಕೊಳ್ಳುವ ಆತುರವೂ ಇರಲಿಲ್ಲ.

ನೆಟ್‌ವರ್ಕ್ ರಿಪೇರಿಯವನು ಬಂದದ್ದು ಅಳತೆ ಫೈಲಿನ ಪಟ್ಟಿಯಿಂದ ಅಕ್ಕನ ಹೆಸರು ತೆಗೆದು ಹೊಸಬರ ಹೆಸರು ಸೇರಿಸುವುದಕ್ಕೆ. ನಡುವಯಸ್ಸಿನ ಆಸಾಮಿ, ಅಂಗಿಯ ಜೇಬಿನ ತುಂಬ ಕೇಬಲ್ಲಿನ ತುಂಡುಗಳು. ಕೆಲಸ ಶುರುಮಾಡಲು ಇನ್ನೂ ಕುಳಿತಿರಲಿಲ್ಲ, ಆಚೆಯಿಂದ ‘ಬಿಡಿ’, ಈಚೆಯಿಂದ ‘ಬಿಟ್ಟೆ’.

“ಇದೇನು, ಇಲ್ಲಿ ಹೀಗೆ ಕೂಗಾಡ್ತೀರಿ?”

ಮ್ಯಾನೇಜರು ನಗುತ್ತಾ ಎಲ್ಲ ಕಥೆ ಹೇಳಿದರು. ಅಕ್ಕ ಅಲ್ಲೇ ಇದ್ದಾಳೆ ಎಂಬ ದಾಕ್ಷಿಣ್ಯವೂ ಇಲ್ಲದೆ.

“ಹಾಗಾಗೋಕೆ ಬರಲ್ಲವಲ್ಲ,” ಎಂದು ಅವನು ತಲೆ ಕೆರೆದುಕೊಂಡ. ಹೆಸರು ತೆಗೆಯುವುದನ್ನು ಅಲ್ಲಿಗೇ ಬಿಟ್ಟು, ಎಲ್ಲರ ಕೈಲೂ ಫೈಲು ಮುಚ್ಚಿಸಿದ. ಕೌಂಟರಿನ ಹುಡುಗಿ ಮೊದಲು ತೆರೆದಳು, ಆಮೇಲೆ ಮೇಸ್ತ್ರಿ, ಕೊನೆಗೆ ಅಕ್ಕ. ಮೂವರಿಗೂ ತೆರೆಯಿತು. ಮತ್ತೆ ಎಲ್ಲ ಮುಚ್ಚಿಸಿ, ಅಕ್ಕನಿಗೆ ಮೊದಲು ತೆರೆಯಲು ಹೇಳಿದ. ಉಳಿದಿಬ್ಬರಿಗೂ ಬಾಗಿಲು ಬಂದ್.

“ನೋಡಿದ್ರಾ?” ಎಂದರು ಮ್ಯಾನೇಜರು.

ಅವನು ನೋಡಿದ್ದರಲ್ಲಿ ತೃಪ್ತನಾಗಲಿಲ್ಲ. ಅಕ್ಕನ ಕಂಪ್ಯೂಟರಿನಲ್ಲಿ ಕೌಂಟರಿನ ಹುಡುಗಿಯನ್ನು ಕೂರಿಸಿ, ಆ ಹುಡುಗಿಯದೇ ಲಾಗಿನ್‌ನಲ್ಲಿ ಮೊದಲು ತೆರೆಸಿದ. ಉಳಿದವರಿಗೂ ತೆರೆಯಿತು. ಅಂದರೆ ಯಂತ್ರದ ದೋಷವಲ್ಲ. ಆಮೇಲೆ ಅಕ್ಕನನ್ನು ಕೌಂಟರಿನಲ್ಲಿ ಕೂರಿಸಿ ಅಕ್ಕನದೇ ಲಾಗಿನ್‌ನಲ್ಲಿ ತೆರೆಸಿದ. ಮತ್ತೆ ಬಂದ್. ಎಲ್ಲಿ ಕೂತರೂ ತೊಂದರೆ ಅವಳ ಬೆನ್ನು ಹತ್ತಿ ಬರುತ್ತಿತ್ತು. ಅಕ್ಕನಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಇಷ್ಟು ಜನರ ಎದುರಿಗೆ ರುಜುವಾತಾಗಿಹೋಯಿತಲ್ಲ, ಸ್ಟೋರಿಗೆ ಹೋಗುವುದೇ ಸರಿ ಎಂದುಕೊಂಡಳು.

“ನನ್ನ ಹೆಸರು ತೆಗೆದುಬಿಡಿಪ್ಪ. ಯಾಕೆ ಸುಮ್ನೆ ತಲೆ ಕೆಡಿಸ್ಕೋತೀರ?”

“ತಡೀರಿ ಅಕ್ಕ, ಒಂದು ನಿಮಿಷ.” ಅವನು ಸರ್ವರಿನ ಮುಂದೆ ಕೂತು, ಫೈಲು ಇದ್ದ ಫೋಲ್ಡರಿನಲ್ಲಿ ಯಾರಿಗೆ ಎಷ್ಟು ಅನುಮತಿ ಇದೆ ಎಂದು ಒಂದೊಂದೇ ಹೆಸರು ತೆರೆದು ನೋಡಿದ. ಆಮೇಲೆ ಕುರ್ಚಿಯನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿದ.

“ಈ ಫೈಲಿನ ಒಳಗೆ ಯಾರು ಮೊದಲು ಹೋದ್ರೂ, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ ಹೋಗಬೇಕು. ‘ನಾನು ಒಳಗಿದ್ದೀನಿ, ನೀವೂ ಬನ್ನಿ’ ಅಂತ. ಅದನ್ನ ಕಂಪ್ಯೂಟರೇ ಅಂಟಿಸುತ್ತೆ, ನಮಗೆ ಗೊತ್ತೂ ಆಗಲ್ಲ. ಆದರೆ ಅಂಟಿಸೋಕೆ ಅನುಮತಿ ಬೇಕು. ಇಲ್ಲಿ ಎಲ್ಲರಿಗೂ ಅದಿದೆ, ನಿಮಗೊಬ್ಬರಿಗೆ ಇಲ್ಲ. ಚೀಟಿ ಅಂಟಿಸೋಕೆ ಆಗದೆ ಇದ್ರೆ ಅದು ತಾನಾಗೇ ಒಳಗಿಂದ ಚಿಲಕ ಹಾಕಿಬಿಡುತ್ತೆ.”

“ಅವರಿಗೆ ಯಾಕಿಲ್ಲ?” ಎಂದರು ಮ್ಯಾನೇಜರು.

“ಯಾರೋ ಮೊದಲಿದ್ದವರು ತಾತ್ಕಾಲಿಕದವರು ಅಂತ ಅರ್ಧ ಅನುಮತಿ ಕೊಟ್ಟಿದ್ದಾರೆ. ಆಮೇಲೆ ಯಾರೂ ತಿರುಗಿ ನೋಡಿಲ್ಲ.” ಅವನು ಮತ್ತೆ ಅಕ್ಕನಿಗೆ ಹೇಳಿದ: “ನೀವು ಏನೂ ಹಿಡ್ಕೊಂಡಿರಲಿಲ್ಲ ಅಕ್ಕ. ನಿಮಗೆ ಕೊಟ್ಟಿದ್ದೇ ಎಲ್ಲರಿಗಿಂತ ಕಮ್ಮಿ. ತಡವಾಗಿ ಬರೋ ಅಭ್ಯಾಸ ಇದ್ದಿದ್ರೆ ಈ ತೊಂದರೆನೇ ಇರ್ತಿರಲಿಲ್ಲ.”

ಕೌಂಟರಿನ ಹುಡುಗಿ ಕಿಸಕ್ಕನೆ ನಕ್ಕು, ನಗಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಂಡಳು. ರಿಪೇರಿಯವನು ಒಂದು ಚೌಕದಲ್ಲಿ ಗುರುತು ಹಾಕಿದ, ಸರಿ ಎಂದು ಒತ್ತಿದ. ಇಷ್ಟು ವರ್ಷದ ಕೆಟ್ಟ ಹೆಸರಿಗೆ ಮದ್ದು ಅಷ್ಟೇ ಆಗಿತ್ತು. ಮ್ಯಾನೇಜರು, “ಹಾಗಾದ್ರೆ ಸ್ಟೋರಿನ ವಿಷಯ ಬಿಡಿ, ಇಲ್ಲೇ ಇರಿ,” ಎಂದು ಕೈ ಝಾಡಿಸಿಕೊಂಡು ಹೋದರು. ತಪ್ಪಾಯ್ತು ಎಂಬ ಒಂದು ಮಾತಿಗೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದವನು ಯಂತ್ರದ ಕಡೆ ನಡೆದ.

ಅಕ್ಕ ಕೈತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬಿಡುಗಡೆಯಾಯಿತು ಎಂಬ ಸಂತೋಷ ಇರಲಿಲ್ಲವೆಂದಲ್ಲ. ಆದರೆ ಜನ ಅಂದದ್ದಕ್ಕಿಂತ, ಅದನ್ನು ತಾನೂ ಒಪ್ಪಿಕೊಂಡು ಬದುಕಿದೆನಲ್ಲ ಎಂಬುದೇ ಅವಳಿಗೆ ಹೆಚ್ಚು ಸಂಕಟವಾಗಿತ್ತು. ಆ ಸಂಜೆ ಮನೆಯಲ್ಲಿ ರಿಮೋಟು ಎತ್ತಿಕೊಂಡು ತನಗೆ ಬೇಕಾದ ಚಾನೆಲ್ ಹಾಕಿದಳು. ಗಂಡ ಕಣ್ಣುಕಣ್ಣು ಬಿಟ್ಟ.

ಮರುದಿನ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಅವಳೇ ಫೈಲು ತೆರೆದಳು. ಸರಿಯಾದ ಕಾಲಿಗೆ ಅಳತೆ ಕೊಡಲು ಬಂದ ಟೀಚರಮ್ಮ, ಹಳೆಯ ಕಾಲನ್ನು ಬಿಚ್ಚಿಟ್ಟು, ಬೆಂಚಿನ ಮೇಲೆ ಕುಳಿತಿದ್ದರು. ಅವರ ಅಳತೆಯನ್ನು ಅಕ್ಕ ಮತ್ತೊಮ್ಮೆ ತೆಗೆದು ಬರೆಯುತ್ತಿದ್ದಳು. ಕೌಂಟರಿನಿಂದ ಸದ್ದಿಲ್ಲ. ವರ್ಕ್‌ಶಾಪಿನಲ್ಲೂ ಯಂತ್ರ ನಿಂತಿತ್ತು. ಆ ಮೌನ ಅವಳಿಗೆ ಅಭ್ಯಾಸವಿರಲಿಲ್ಲ. ಯಾರಿಗೋ ಬೇಕಾಗಿದೆ, ಕೇಳಲು ಸಂಕೋಚ ಪಡುತ್ತಿದ್ದಾರೆ ಎನಿಸಿ, ಕೈ ತಾನಾಗಿ ಫೈಲು ಮುಚ್ಚಲು ಹೋಯಿತು. ಬಾಯಿಯೂ ತಡೆಯದೆ ಕೂಗಿತು: “ಬಿಟ್ಟೆ!”

ಆ ಕಡೆಯಿಂದ ಮೇಸ್ತ್ರಿಯ ದನಿ ಬಂತು. ಎಷ್ಟೋ ದಿನಗಳ ನಂತರ, ಮಧ್ಯಸ್ಥಿಕೆಯಿಲ್ಲದೆ, ನೇರವಾಗಿ ಅವಳಿಗೇ.

“ಬಿಡಬೇಡಿ ಅಕ್ಕಾ, ಇರಿ. ಟೀಚರಮ್ಮಂದು ನೀವು ಬರೀತಾ ಇರೋದು ನನಗೆ ಇಲ್ಲೇ ಕಾಣಿಸ್ತಿದೆ. ನಾನೂ ಒಳಗೇ ಇದ್ದೀನಿ.”