ಅವ್ವ ಬಿಟ್ಟ ಹಾಗಲಕಾಯಿ, ನಾನು ಬಿಟ್ಟ ಜಂಬ

ಗೆಳೆಯರೇ, ಮಗಳ ಅಮೆರಿಕದ ಕಾಲೇಜಿನ ಅರ್ಜಿ ಇವತ್ತು ಕಾಶಿಯ ನಮ್ಮ ಮನೆಯಲ್ಲಿ ಜಗಳ ಹಚ್ಚಿತು. ಮುಂಚಿತವಾಗಿ ಅರ್ಜಿ ಹಾಕಿದರೆ ಸೀಟಿನ ಆಸೆ ಹೆಚ್ಚು; ಆದರೆ ಸಿಕ್ಕರೆ ಉಳಿದ ಕಾಲೇಜುಗಳನ್ನೆಲ್ಲ ಬಿಡುತ್ತೇವೆಂದು ಸಹಿ ಹಾಕಬೇಕು. ‘ಹಣದ ನೆರವು ಬೇಕೇ?’ ಎಂಬಲ್ಲಿ ನಾನು ‘ಬೇಡ’ ಎಂದು ಬರೆಯಹೊರಟೆ. ಹೊರದೇಶದವರು ನೆರವು ಕೇಳಿದರೆ ಸೀಟು ಕಷ್ಟ ಎಂಬುದು ನೆಪ. ಇಲ್ಲಿಗೆ ವರ್ಗವಾಗಿ ಬಂದ ಬ್ಯಾಂಕ್ ಆಫೀಸರ್ ನಾನು, ಕೈಚಾಚುವುದು ಹೇಗೆ ಎಂಬುದು ನಿಜ.

"ಅಪ್ಪಾ, ಝೂಠ್ ಯಾಕ ಬರೀತೀರಿ? ಸೀಟ್ ಸಿಕ್ಕರ ಫೀಸ್ ಎಲ್ಲಿಂದ ತರ್ತೀರಿ?" ಎಂದಳು ಮಗಳು.

ಧಾರವಾಡದಿಂದ ಯಾತ್ರೆಗೆ ಬಂದಿರುವ ಅವ್ವ ನಕ್ಕಳು: "ಕಾಶಿಗೆ ಬಂದವರು ಏನರ ಬಿಡಬೇಕಪಾ. ನಾ ಹಾಗಲಕಾಯಿ ಬಿಟ್ಟೆ, ಅದು ನನಗ ಮೊದಲ ಸೇರತಿದ್ದಿಲ್ಲ. ನೀ ಮೂರು ವರ್ಷದಿಂದ ಇಲ್ಲೇ ಇದ್ದಿ, ಏನ್ ಬಿಟ್ಟಿ? ಆ ಜಂಬಾನರ ಬಿಡು."

‘ಬೇಕು’ ಎಂದು ಬರೆದು ಲಕೋಟೆಯನ್ನು ಅಂಚೆಗೆ ಹಾಕಿ ಬಂದೆ. ನಾನೂ ಹಾಗಲಕಾಯಿಯನ್ನೇ ಬಿಡಬಹುದಿತ್ತು. ನನಗೂ ಅದು ಸೇರುವುದಿಲ್ಲ.