ಬಂಗಾರದ ದಡಿಯಲ್ಲಿ ತಪ್ಪಿದ ಎಳೆ

ಶಕುನ, ಕನಸು, ಪವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವಳು ನಾನು. “ಈಕಿ, ದೇವ್ರು ಬಂದ್ ನಿಂತ್ರೂ ಗಾಜಿನ ಕೆಳಗ ಇಟ್ಟು ನೋಡ್ತಾಳ” ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಚೇಷ್ಟೆ ಮಾಡುತ್ತಿದ್ದರು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಬನಹಟ್ಟಿಯ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ಸುಳ್ಳೆಂದೂ ಹೇಳಲಾರೆ.

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಪ್ರೋಟೀನುಗಳೊಂದಿಗೆ ಏಗುವುದು ನನ್ನ ಕೆಲಸ. ಕೆಲವು ಪ್ರೋಟೀನುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೂಕ್ಷ್ಮ ಗೆರೆ ಕೊರೆದ ಬಿಲ್ಲೆಯ ಮೇಲೆ ಹನಿ ಬಿಟ್ಟರೆ ತಮ್ಮಷ್ಟಕ್ಕೆ ಕೈಕೈ ಹಿಡಿದು ಬಲೆಯಾಗುತ್ತವೆ. ಆ ಬಲೆಯ ಒಂದೊಂದು ಕಣ್ಣಿನಲ್ಲಿ ಬಂಗಾರದ ಒಂದೊಂದು ನ್ಯಾನೊ ಕಣ ಬಂದು ಕೂರಬೇಕು. ಗೆರೆ ನೆಟ್ಟಗಿದ್ದರೆ ಸಾಲೂ ನೆಟ್ಟಗೆ.

ಕೈಮಗ್ಗದಲ್ಲಿ ಸೀರೆ ನೇಯ್ದು ನಮ್ಮನ್ನು ಬೆಳೆಸಿದ ಅವ್ವ ಆ ವರ್ಷ ನನ್ನನ್ನು ಮರೆತಿದ್ದಳು. ಮರೆವಿನ ರೋಗ. ಅಣ್ಣನ ಗುರುತಿತ್ತು, ವೈನಿಯ ಗುರುತಿತ್ತು, ನನ್ನದು ಮಾತ್ರ ಅಳಿಸಿಹೋಗಿತ್ತು. ಮುಧೋಳದಲ್ಲಿ ಬಸ್ಸು ಬದಲಿಸಿ, ಊರು ಮುಟ್ಟಿ, ಓಡೋಡಿ ಮನೆಗೆ ಹೋದರೆ, “ಬರ್ರಿ ಬಾಯಾರ, ಕುಂದರ್ರಿ. ಯಾರ ಮನಿಯವ್ರು ನೀವು?” ಎನ್ನುತ್ತಿದ್ದಳು. ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದೆ. ಒಮ್ಮೆ, ಒಂದೇ ಒಂದು ಸಲ, ನನ್ನ ಹೆಸರು ಕರೆದರೆ ಸಾಕಿತ್ತು.

ಒಂದು ದಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ವಿಚಿತ್ರವಾಗಿ ಬಂತು. ನೆಟ್ಟಗಿನ ಸಾಲೇ ಇಲ್ಲ. ಕಣಗಳು ಏರಿ ಇಳಿದು ಮೊನೆಮೊನೆಯಾಗಿ ಕೂತಿದ್ದವು, ನಡುವಿನ ಒಂದು ಮೊನೆಯ ತುದಿ ಮಾತ್ರ ಖಾಲಿ. ಪ್ರಯೋಗ ಕೆಟ್ಟಿತು ಎಂದುಕೊಂಡು ಚಿತ್ರವನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೋದೆ.

ಮಧ್ಯಾಹ್ನ ಉಂಡು ಅವ್ವನ ಪಕ್ಕ ಆ ಚಿತ್ರ ಹಿಡಿದು ಕೂತಿದ್ದೆ. ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ನನಗೆ ಅದಿಲ್ಲದಿದ್ದರೆ ನೀರಿನೊಳಗೆ ಮುಳುಗಿದಂತೆ. ಬಾಗಿಲ ಬಿಸಿಲೂ ಅಲುಗಾಡದೆ ನಿಂತಿದೆ ಅನಿಸಿತು. ನಿದ್ದೆಯೋ ಎಚ್ಚರವೋ ತಿಳಿಯದು. ಅವ್ವ ಚಿತ್ರವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಕಣ್ಣ ಹತ್ತಿರ ಹಿಡಿದು, ಮೊನೆಗಳ ಮೇಲೆ ಬೆರಳಾಡಿಸಿದಳು. ಖಾಲಿ ಜಾಗದಲ್ಲಿ ಬೆರಳು ನಿಂತಿತು.

“ಇಲ್ಲಿ ಎಳಿ ತಪ್ಪೇತಿ ನೋಡ. ಲಾಳಿ ಬಿಟ್ಟು ಎದ್ದೆ. ನೀ ತೊಟ್ಟಿಲದಾಗ ಚೀರಾಕತ್ತಿದ್ದಿ. ಎತ್ಕೊಳ್ದ ಏನ್ ಮಾಡ್ಲೇ, ಚನ್ನಿ?”

ಚನ್ನಿ ನಾನು. ಅವಳ ಬೆರಳನ್ನು ಅಲ್ಲೇ ಒತ್ತಿ ಹಿಡಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ವೈನಿ, “ಅಯ್ಯ ಶಿವನ! ಆ ಸೀರಿ ಇನ್ನೂ ಟ್ರಂಕಿನ್ಯಾಗೈತಿ” ಎಂದು ಓಡಿದರು. ಅಂಚಿನ ದಡಿಯಲ್ಲಿ ಎಳೆ ತಪ್ಪಿದೆ ಎಂದು, ನೂಲು ಕೊಟ್ಟು ನೇಯಿಸುತ್ತಿದ್ದ ಸಾವಕಾರ ತಿರುಗಿ ಕಳಿಸಿದ್ದ ಅವ್ವನ ಸೀರೆ ಅದಂತೆ. ನಾನು ಅದನ್ನು ಎಂದೂ ಬಿಡಿಸಿ ನೋಡಿದವಳಲ್ಲ. ಚಿತ್ರದ ಪಕ್ಕ ಹರವಿದೆವು. ದಡಿಯ ಉದ್ದಕ್ಕೂ ಅವೇ ಮೊನೆಗಳು, ಅದೇ ಜಾಗದಲ್ಲಿ ತುದಿ ಇಲ್ಲ. ವೈನಿ ಚೇಷ್ಟೆ ಮಾಡಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಮತ್ತೆ ಹೊಡೆದುಕೊಳ್ಳತೊಡಗಿದವು. ಅವ್ವ ಚಿತ್ರವನ್ನು ನನ್ನ ಕೈಗೆ ಕೊಟ್ಟು, “ಚಾ ಕುಡೀತೀರೇನ್ರಿ ಬಾಯಾರ?” ಎಂದಳು. ಆಮೇಲೆ ಮತ್ತೆಂದೂ ಅವಳ ಬಾಯಲ್ಲಿ ನನ್ನ ಹೆಸರು ಬರಲಿಲ್ಲ.

ಅದೇ ಬಿಲ್ಲೆ, ಅದೇ ಪ್ರೋಟೀನು ಹಿಡಿದು ಎಷ್ಟೋ ಸಲ ಯತ್ನಿಸಿದೆ. ಪ್ರತಿ ಸಲವೂ ನೆಟ್ಟಗಿನ ಸಾಲು. ಬಿಲ್ಲೆಯ ಮೇಲೆ ಏನೋ ಕೊಳೆ ಕೂತಿತ್ತೇನೋ ಎನ್ನುತ್ತಾರೆ ಜೊತೆಯವರು. ಇರಬಹುದು. ಕೊಳೆಯಿಂದ ಮೊನೆ ಮೂಡಿತು, ತುದಿ ಅಳಿಯಿತು, ಎಲ್ಲಾ ಒಪ್ಪಿದೆ. ತೊಟ್ಟಿಲಲ್ಲಿ ನಾನು ಅತ್ತದ್ದು ಬಂಗಾರಕ್ಕೆ ಯಾರು ಹೇಳಿದರು?